ಮಳೆ ಬಾರದ ಯೂಮಾ ರೈಲು

ಕಳೆದ ಶನಿವಾರ ಮತ್ತು ಭಾನುವಾರದ ರಾತ್ರಿಗಳಲ್ಲಿ ‘3:10 ಟು ಯೂಮಾ’ ಚಿತ್ರದ ಎರಡೂ ರೂಪಗಳನ್ನು ಒಂದರ ಬೆನ್ನಿಗೆ ಒಂದರಂತೆ ನೋಡಿದೆ. ಮೊದಲನೆಯದು 1957ರಲ್ಲಿ ಡೆಲ್ಮರ್ ಡೇವ್ಸ್ ನಿರ್ದೇಶಿಸಿದ 92 ನಿಮಿಷಗಳ ಕಪ್ಪುಬಿಳುಪು ಚಿತ್ರ. ಎರಡನೆಯದು ಸರಿಯಾಗಿ ಐವತ್ತು ವರ್ಷಗಳ ನಂತರ ಜೇಮ್ಸ್ ಮ್ಯಾನ್‌ಗೋಲ್ಡ್ ಅದನ್ನೇ ಮತ್ತೆ ತೆಗೆದದ್ದು. ಎರಡರ ಕೊನೆಯನ್ನೂ ಮುಟ್ಟದೆ ಹೇಳಬೇಕಾದುದನ್ನು ಹೇಳಲಾಗದು, ಆದ್ದರಿಂದ ನೋಡದವರು ಮೊದಲು ಚಿತ್ರಗಳನ್ನು ನೋಡಿ ಬರುವುದು ಒಳ್ಳೆಯದು.

ಕಥೆ ಸರಳವಾಗಿದೆ. ಅಮೆರಿಕದ ಅರಿಜೋನಾದ ಬರಗಾಲದಲ್ಲಿ ದನಗಳನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ಡ್ಯಾನ್ ಇವಾನ್ಸ್, ಸೆರೆಸಿಕ್ಕ ದರೋಡೆಕೋರ ಬೆನ್ ವೇಡ್‌ನನ್ನು ಕಂಟೆನ್ಷನ್ ಎಂಬ ಊರಿಗೆ ಕರೆದೊಯ್ದು, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಯೂಮಾ ಸೆರೆಮನೆಯ ಕಡೆಗೆ ಹೊರಡುವ ರೈಲು ಹತ್ತಿಸಲು 200 ಡಾಲರಿಗೆ ಒಪ್ಪಿಕೊಳ್ಳುತ್ತಾನೆ. ರೈಲು ಬರುವವರೆಗೆ ಇಬ್ಬರೂ ಹೋಟೆಲಿನ ಒಂದು ಕೋಣೆಯಲ್ಲಿ ಕಾಯಬೇಕು. ಹೊರಗೆ ವೇಡ್‌ನ ತಂಡ ಊರನ್ನು ಸುತ್ತುವರಿಯುತ್ತದೆ.

ಹಳೆಯ ಚಿತ್ರದ ಜೀವ ಇರುವುದು ಆ ಕೋಣೆಯಲ್ಲಿ. ನವದಂಪತಿಗಳಿಗೆಂದು ಮೀಸಲಾದ ಆ ಕೋಣೆಯಲ್ಲಿ ವೇಡ್ ಆಗಿ ಗ್ಲೆನ್ ಫೋರ್ಡ್ ಹಾಸಿಗೆಯ ಮೇಲೆ ಆರಾಮವಾಗಿ ಒರಗಿ, ದನಿ ಒಂದಿಷ್ಟೂ ಏರಿಸದೆ, ಬಿಟ್ಟುಬಿಟ್ಟರೆ ಇಷ್ಟು ಕೊಡುತ್ತೇನೆ, ಅಷ್ಟು ಕೊಡುತ್ತೇನೆ ಎಂದು ಮೊತ್ತವನ್ನು ಏರಿಸುತ್ತಲೇ ಹೋಗುತ್ತಾನೆ. ಎದುರಿಗೆ ಡ್ಯಾನ್ ಆಗಿ ವ್ಯಾನ್ ಹೆಫ್ಲಿನ್ ಕೋವಿ ಹಿಡಿದು ಬೆವರುತ್ತಾನೆ. ಬಂದೂಕು ಇರುವವನು ಹೆದರಿದ್ದಾನೆ, ಕೈಕೋಳ ತೊಟ್ಟವನು ನಿಶ್ಚಿಂತನಾಗಿದ್ದಾನೆ. ಡ್ಯಾನ್‌ಗೆ ಆ ಹಣ ಎಷ್ಟು ಬೇಕಾಗಿದೆ ಎಂಬುದು ಇಬ್ಬರಿಗೂ ಗೊತ್ತಿರುವುದರಿಂದ, ಒಂದೊಂದು ಮೌನವೂ ಎದೆಯ ಮೇಲೆ ಕೂರುತ್ತದೆ.

ಹೊಸ ಚಿತ್ರ ಇದಕ್ಕೆ ಅರ್ಧ ಗಂಟೆ ಸೇರಿಸಿದೆ. ಅಪಾಚೆ ಮೂಲನಿವಾಸಿಗಳ ದಾಳಿ, ಚೀನೀ ಕಾರ್ಮಿಕರು ದುಡಿಯುವ ರೈಲು ಹಾದಿಯ ಶಿಬಿರ, ಯಂತ್ರದ ಬಂದೂಕು ಹೊತ್ತ ಸಾರೋಟು ಎಲ್ಲವೂ ಬರುತ್ತವೆ, ಹೋಗುತ್ತವೆ. ನನಗೆ ಅವುಗಳಲ್ಲಿ ಹೆಚ್ಚಿನವು ಬೇಕೆನಿಸಲಿಲ್ಲ. ಆದರೆ ಒಂದು ಸೇರ್ಪಡೆ ಮಾತ್ರ ಮನಸ್ಸನ್ನು ಬಿಡುತ್ತಿಲ್ಲ. ಕ್ರಿಶ್ಚಿಯನ್ ಬೇಲ್ ನಟಿಸಿರುವ ಡ್ಯಾನ್ ಅಂತರ್ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡವನು. ಆ ಕಾಲಿಗೆ ಸರ್ಕಾರ ಕೊಟ್ಟ ಪರಿಹಾರ 198 ಡಾಲರ್ 36 ಸೆಂಟ್ ಎಂದು ಅವನು ಹೇಳುವಾಗ, ಈಗ ಅವನಿಗೆ ಸಿಗಲಿರುವ 200 ಡಾಲರ್ ನನಗೆ ತಟ್ಟನೆ ನೆನಪಾಯಿತು. ಒಂದು ಸಲ ದೇಹಕ್ಕೆ ಕಟ್ಟಿದ ಬೆಲೆಯನ್ನೇ ಈ ಸಲ ಪ್ರಾಣಕ್ಕೆ ಕಟ್ಟುತ್ತಿದ್ದಾರೆ. ಆ ಕಾಲು ಹೋದದ್ದೂ ಹಿಮ್ಮೆಟ್ಟುವಾಗ ತನ್ನ ಕಡೆಯವನೇ ಹಾರಿಸಿದ ಗುಂಡಿನಿಂದ. ಇದನ್ನು ಮಗನಿಗೆ ಹೇಗೆ ಹೇಳುವುದೆಂಬ ಸಂಕಟ ಅವನನ್ನು ತಿನ್ನುತ್ತದೆ. ದರೋಡೆ ನಡೆಯುವಾಗ ಅಪ್ಪ ಸುಮ್ಮನೆ ನಿಂತಿದ್ದನ್ನು ಮಕ್ಕಳು ನೋಡುವ ದೃಶ್ಯ ಹಳೆಯ ಚಿತ್ರದಲ್ಲೂ ಇದೆ. ಮ್ಯಾನ್‌ಗೋಲ್ಡ್ ಆ ಬೀಜವನ್ನೇ ಎತ್ತಿಕೊಂಡು, ಹಿರಿಯ ಮಗ ವಿಲಿಯಂನನ್ನು ಕೊನೆಯವರೆಗೂ ಅಪ್ಪನ ಬೆನ್ನ ಹಿಂದೆ ನಡೆಸಿದ್ದಾರೆ. ಇದು ನಿಜವಾದ ಮರುಸೃಷ್ಟಿ; ಮೂಲವನ್ನು ಮನಸ್ಸಿಟ್ಟು ಓದಿದವರು ಮಾತ್ರ ಹೀಗೆ ಮಾಡಬಲ್ಲರು.

ರಸೆಲ್ ಕ್ರೋನ ವೇಡ್ ಕೂತಲ್ಲೆಲ್ಲ ಚಿತ್ರ ಬಿಡಿಸುತ್ತಾನೆ. ಚಿತ್ರದ ಆರಂಭದಲ್ಲಿ ಕೊಂಬೆಯ ಮೇಲಿನ ಗಿಡುಗವನ್ನು ಅವನು ಹಾಳೆಗಿಳಿಸುವ ರೀತಿಯಲ್ಲಿಯೇ, ಮನುಷ್ಯರನ್ನೂ ಹೀಗೆಯೇ ಅಳೆಯುತ್ತಾನೆಂದು ತಿಳಿದುಬಿಡುತ್ತದೆ. ಅದು ಬಹಳ ಒಳ್ಳೆಯ ನಟನೆ. ಹಾಗಿದ್ದರೂ ಕೊನೆಯಲ್ಲಿ, ರೈಲಿನ ಬಾಗಿಲಲ್ಲಿ ಡ್ಯಾನ್ ವೇಡ್‌ನ ತಂಡದವನ ಗುಂಡಿಗೆ ಸತ್ತ ಮೇಲೆ ವೇಡ್ ತನ್ನವರನ್ನೆಲ್ಲ ಕೊಂದು ತಾನಾಗಿ ರೈಲು ಹತ್ತುವುದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೆಲವೇ ದಿನಗಳ ಒಡನಾಟಕ್ಕೆ ಅಷ್ಟು ದೊಡ್ಡ ತಿರುವು ಹೊರಲು ಶಕ್ತಿ ಸಾಲದು.

ಹಳೆಯ ಚಿತ್ರದಲ್ಲಿ ಡ್ಯಾನ್ ಬದುಕುತ್ತಾನೆ. ತನ್ನ ಪ್ರಾಣವನ್ನು ಒಮ್ಮೆ ಉಳಿಸಿದವನ ಋಣ ತೀರಿಸಲೆಂದು ವೇಡ್ ಅವನ ಜೊತೆಗೇ ರೈಲಿಗೆ ಹಾರುತ್ತಾನೆ, ಯೂಮಾದಿಂದ ಹಿಂದೆಯೂ ತಪ್ಪಿಸಿಕೊಂಡಿದ್ದೇನೆ ಎನ್ನುತ್ತಾನೆ. ಅಷ್ಟರಲ್ಲಿ ಮಳೆ ಬರುತ್ತದೆ. ಮೊದಲ ದೃಶ್ಯದ ಬಿರುಕುಬಿಟ್ಟ ನೆಲದಿಂದ ಹಿಡಿದು ಇಡೀ ಚಿತ್ರ ಕಾದಿದ್ದು ಈ ಮಳೆಗೇ. ಇದು ತೀರಾ ಅನುಕೂಲದ ಮುಕ್ತಾಯ ಎಂದು ಕೆಲವರಿಗೆ ಅನ್ನಿಸಬಹುದು. ಬಯಲುಸೀಮೆಯಲ್ಲಿ ಹುಟ್ಟಿ, ಜೂನ್ ಕಳೆದರೂ ಮೋಡ ಕಟ್ಟದ ವರ್ಷಗಳಲ್ಲಿ ಅಂಗಳಕ್ಕೆ ಬಂದು ಆಕಾಶ ನೋಡಿ ಮಾತಿಲ್ಲದೆ ಒಳಗೆ ಹೋಗುತ್ತಿದ್ದ ಅಪ್ಪನನ್ನು ಕಂಡ ನನಗೆ ಹಾಗೆ ಅನ್ನಿಸಲು ಸಾಧ್ಯವೇ ಇಲ್ಲ. ಹೊಸ ಚಿತ್ರದಲ್ಲಿ ನೀರನ್ನು ತಡೆದವನು ಸಾಲ ಕೊಟ್ಟ ಧನಿಕ; ಹಾಗಾಗಿ ಅಲ್ಲಿ ಮಳೆಗೆ ಕೆಲಸವಿಲ್ಲ, ಅದು ಬರುವುದೂ ಇಲ್ಲ.

ಭಾನುವಾರ ರಾತ್ರಿ ಹೊಸ ಚಿತ್ರ ಮುಗಿದ ಮೇಲೆ ಹಳೆಯದರ ಕೊನೆಯ ಎರಡು ನಿಮಿಷಗಳನ್ನು ಮತ್ತೊಮ್ಮೆ ಹಾಕಿಕೊಂಡೆ. ಡ್ಯಾನ್‌ನ ಹೆಂಡತಿ ಹಳಿಯ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದಾಳೆ. ರೈಲು ಹಾದುಹೋಗುತ್ತದೆ, ಗಂಡ ಕಾಣಿಸುತ್ತಾನೆ, ಅವಳ ಮುಖದ ಮೇಲೆ ಮಳೆ ಸುರಿಯುತ್ತಿರುತ್ತದೆ.