ಟಿಕ್ ಎಲ್ಲ ಸರಿ ಇದ್ದವು, ಫ್ಲಾಪ್ ಸಾಯುತ್ತಿತ್ತು

ಫ್ಲಾಪ್ ಅಂದರೆ ಮೈಯ ಒಂದು ಕಡೆಯಿಂದ ರಕ್ತನಾಳದ ಸಮೇತ ತೆಗೆದು ಇನ್ನೊಂದು ಕಡೆ ಕೂರಿಸುವ ಅಂಗಾಂಶ. ಅದನ್ನು ಕಾಯುವ ನಮ್ಮ ಚಾರ್ಟಿನಲ್ಲಿ ‘ರೀಫಿಲ್’ (ಒತ್ತಿ ಬಿಟ್ಟಾಗ ಬಣ್ಣ ವಾಪಸ್ ಬರುವುದು) ಅನ್ನುವ ಸಾಲಿನ ಮುಂದೆ ಎರಡೇ ಖಾನೆ ಇದ್ದವು: ಇದೆ, ಇಲ್ಲ. ಡಾಪ್ಲರ್, ಅಂದರೆ ರಕ್ತ ಹರಿಯುವ ಸದ್ದು ಕೇಳಿಸುವ ಯಂತ್ರದ ಸಾಲಿನ ಮುಂದೆಯೂ ಅಷ್ಟೇ. ಬಣ್ಣಕ್ಕೆ ‘ಸರಿ’ ಅಂತ ಒಂದು ಚೌಕ. ಆ ರಾತ್ರಿ ಗಂಟೆಗೊಮ್ಮೆ ಮೂರಕ್ಕೂ ಟಿಕ್ ಬಿದ್ದಿತ್ತು. ಯಾವ ಟಿಕ್ಕೂ ಸುಳ್ಳಲ್ಲ. ಆದರೂ ಫ್ಲಾಪ್ ಸಾಯುತ್ತಿತ್ತು. ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾನು ಪ್ಲಾಸ್ಟಿಕ್ ಸರ್ಜರಿಯಲ್ಲಿ ಮೈಕ್ರೋಸ್ಕೋಪ್ ಕೆಳಗೆ ಸಣ್ಣ ನಾಳಗಳನ್ನು ಹೊಲಿಯುವ ಮೈಕ್ರೋ ತಂಡದಲ್ಲಿದ್ದೇನೆ. ಹಗಲಿನ ಕೇಸು ಬಾಯಿ ಕ್ಯಾನ್ಸರಿನದು. ಕೆಳದವಡೆಯ ಒಂದು ಭಾಗವನ್ನೇ ತೆಗೆಯಬೇಕಾಗಿತ್ತು. ಆ ಜಾಗಕ್ಕೆ ಕಾಲಿನ ಫಿಬುಲಾ ಮೂಳೆಯನ್ನು ಅದರ ರಕ್ತನಾಳ ಮತ್ತು ಒಂದು ತುಂಡು ಚರ್ಮದ ಸಮೇತ ಬಿಡಿಸಿ ತಂದೆವು. ದವಡೆಯ ಬಾಗಿಗೆ ಸರಿಯಾಗಿ ಮೂಳೆ ಕತ್ತರಿಸಿ ಪ್ಲೇಟ್ ಹಾಕಿದೆವು. ಆಮೇಲೆ ಕುತ್ತಿಗೆಯಲ್ಲಿ ಮೈಕ್ರೋಸ್ಕೋಪ್ ಕೆಳಗೆ ಆರ್ಟರಿಗೆ ಆರ್ಟರಿ, ವೇನ್‌ಗೆ ವೇನ್ ಜೋಡಿಸಿದೆವು. ದಾರ 9-0, ಅಂದರೆ ತಲೆಗೂದಲಿಗಿಂತ ತೆಳು. ಕಾಲಿನಿಂದ ಬಂದ ಆ ಮೂಳೆ, ಸ್ನಾಯು, ಚರ್ಮ ಎಲ್ಲದರ ಜೀವ ಈ ಎರಡು ಜೋಡಣೆಗಳ ಮೇಲೆ ನಿಂತಿರುತ್ತದೆ. ಆರ್ಟರಿಯಿಂದ ರಕ್ತ ಒಳಗೆ ಬರಬೇಕು, ವೇನ್‌ನಿಂದ ಹೊರಗೆ ಹೋಗಬೇಕು. ಓಟಿಯಿಂದ (ಆಪರೇಷನ್ ಥಿಯೇಟರ್) ಹೊರಗೆ ಬರುವಾಗ ಎರಡೂ ಚೆನ್ನಾಗಿ ಹರಿಯುತ್ತಿದ್ದವು.

ರಾತ್ರಿ ಎರಡೂವರೆಗೆ ಐಸಿಯು ಸಿಸ್ಟರ್ ಫೋನ್ ಮಾಡಿದರು. "ಡಾಕ್ಟ್ರೇ, ಚಾರ್ಟೆಲ್ಲ ಸರಿ ಇದೆ. ಆದ್ರೂ ಫ್ಲಾಪ್ ನೋಡಿದ್ರೆ ನಂಗ್ಯಾಕೋ ಸಮಾಧಾನ ಇಲ್ಲ. ಒಂದ್ಸಲ ಬಂದು ನೋಡ್ತೀರಾ?" ಅವರು ಹಿಂದೆ ನಮ್ಮ ವಾರ್ಡಿನಲ್ಲೇ ತುಂಬ ಕಾಲ ಇದ್ದವರು. ನೂರಾರು ಫ್ಲಾಪ್ ನೋಡಿದ ಕಣ್ಣು. ನಾನು ಏನೂ ಕೇಳದೆ ಮೆಟ್ಟಿಲಿಳಿದೆ.

ಬಾಯೊಳಗಿನ ಚರ್ಮದ ತುಂಡು ಕಪ್ಪಾಗಿರಲಿಲ್ಲ, ನೀಲಿಯೂ ಆಗಿರಲಿಲ್ಲ. ಗುಲಾಬಿ ಬಣ್ಣವೇ ಇತ್ತು. ಆದರೆ ಕಾಲಿನ ಚರ್ಮ ಅಷ್ಟು ಗುಲಾಬಿ ಇರಬಾರದು. ಬೆರಳಿನಿಂದ ಒತ್ತಿ ಬಿಟ್ಟೆ. ಬಿಳಿಯಾಯಿತು ಅನ್ನುವಷ್ಟರಲ್ಲಿ ಬಣ್ಣ ವಾಪಸ್ ಬಂದುಬಿಟ್ಟಿತು. ಸಾಮಾನ್ಯವಾಗಿ ಎರಡು ಸೆಕೆಂಡ್ ಹತ್ತಿರ ಆಗಬೇಕು. ಇಲ್ಲಿ ಒಂದು ಸೆಕೆಂಡೂ ಆಗಲಿಲ್ಲ. ಮುಟ್ಟಿದರೆ ಬಿಗಿ. ಡಾಪ್ಲರ್ ಇಟ್ಟರೆ ಆರ್ಟರಿಯ ಸದ್ದು ಟಪ್ ಟಪ್ ಅಂತ ಸ್ಪಷ್ಟ.

ಇಲ್ಲೇ ಚಾರ್ಟು ಎಲ್ಲರಿಗೂ ಕೈ ಕೊಟ್ಟದ್ದು. ಆರ್ಟರಿ ಕಟ್ಟಿಕೊಂಡರೆ ಫ್ಲಾಪ್ ಬಿಳುಚಿಕೊಳ್ಳುತ್ತದೆ, ತಣ್ಣಗಾಗುತ್ತದೆ, ರೀಫಿಲ್ ಇರುವುದಿಲ್ಲ, ಸದ್ದು ನಿಲ್ಲುತ್ತದೆ. ಯಾರಿಗಾದರೂ ಕಾಣುತ್ತದೆ. ವೇನ್ ಕಟ್ಟಿಕೊಂಡರೆ ಹಾಗಲ್ಲ. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗುವುದಿಲ್ಲ. ಹಾಗಾಗಿ ಮೊದಮೊದಲು ಬಣ್ಣ ಜಾಸ್ತಿ, ರೀಫಿಲ್ ಜಾಸ್ತಿ, ಡಾಪ್ಲರ್ ಸದ್ದೂ ಇರುತ್ತದೆ. ‘ಇದೆಯಾ’ ಅಂತ ಕೇಳಿದರೆ ಎಲ್ಲವೂ ಇದೆ. ಎಷ್ಟಿದೆ, ಎಷ್ಟು ಬೇಗ ಇದೆ ಅಂತ ಕೇಳುವ ಜಾಗವೇ ಚಾರ್ಟಿನಲ್ಲಿ ಇರಲಿಲ್ಲ. ಹೀಗೆ ಪೂರ್ತಿ ಬಿಡಿಸಿ ತಂದು ಜೋಡಿಸುವ ಫ್ರೀ ಫ್ಲಾಪಿನಲ್ಲಿ ಆರ್ಟರಿಗಿಂತ ವೇನ್ ಕಟ್ಟಿಕೊಳ್ಳುವುದೇ ಜಾಸ್ತಿ. ಅಂದರೆ ಹೆಚ್ಚು ಸಲ ಆಗುವ ತೊಂದರೆಯನ್ನೇ ಹಿಡಿಯಲಾರದ ಚಾರ್ಟನ್ನು ವರ್ಷಗಟ್ಟಲೆ ಎಲ್ಲರೂ ತುಂಬಿಸುತ್ತಿದ್ದರು.

ಸೂಜಿ ತೆಗೆದುಕೊಂಡು ಚುಚ್ಚಿದೆ. ತಕ್ಷಣ ರಕ್ತ ಬಂತು. ಕಡುಕೆಂಪು, ಹೆಚ್ಚುಕಡಿಮೆ ಕಪ್ಪು. ಹೊರಗೆ ಹೋಗಲಾರದೆ ನಿಂತ ರಕ್ತ.

ಕುತ್ತಿಗೆಯ ಕಡೆ ನೋಡಿದೆ. ಉಸಿರಾಡಲು ಗಂಟಲಿಗೆ ಕೂರಿಸಿದ ಟ್ರ್ಯಾಕಿಯಾಸ್ಟಮಿ ಟ್ಯೂಬಿಗೆ ಕುತ್ತಿಗೆ ಸುತ್ತ ಟೇಪ್ ಕಟ್ಟಿತ್ತು. ಬಿಗಿಯಾಗಿ, ನೀಟಾಗಿ. ನಾವು ಓಟಿಯಲ್ಲಿ ಟ್ಯೂಬನ್ನು ಚರ್ಮಕ್ಕೆ ಹೊಲಿದು ಕಳಿಸಿದ್ದೆವು. ಕುತ್ತಿಗೆಗೆ ಏನೂ ಕಟ್ಟಬಾರದು ಅಂತ ಪೋಸ್ಟ್-ಆಪ್ ಆರ್ಡರಿನಲ್ಲೂ ಬರೆದಿತ್ತು. ಯಾಕೆಂದರೆ ನಾವು ಜೋಡಿಸಿದ ವೇನ್ ಚರ್ಮದ ಕೆಳಗೇ ಹೋಗುತ್ತದೆ. ಅದರ ಗೋಡೆ ಮೆತ್ತಗೆ, ಒಳಗಿನ ಒತ್ತಡ ಕಡಿಮೆ, ಮೇಲಿಂದ ಸ್ವಲ್ಪ ಅದುಮಿದರೂ ಮುಚ್ಚಿಹೋಗುತ್ತದೆ. ಆದರೆ ಐಸಿಯುನಲ್ಲಿ ಟ್ರ್ಯಾಕಿಯಾಸ್ಟಮಿ ಅಂದರೆ ಟೇಪ್ ಕಟ್ಟುವುದು ರೂಢಿ. ಟ್ಯೂಬ್ ಕಿತ್ತು ಬಂದರೆ ಪ್ರಾಣಕ್ಕೇ ಅಪಾಯ ಅಂತ ಅವರಿಗೆ ಕಲಿಸಿದ್ದಾರೆ, ಅದು ಸರಿಯೂ ಹೌದು. ಪಾಳಿ ಬದಲಾದಾಗ ಯಾರೋ ಒಳ್ಳೆಯ ಮನಸ್ಸಿನಿಂದ ಕಟ್ಟಿದ್ದಾರೆ. ನಮ್ಮ ಆರ್ಡರ್ ಶೀಟು ಫೈಲಿನೊಳಗೆ ಮೂರನೇ ಹಾಳೆಯಾಗಿ ಕೂತಿತ್ತು. ಅವರನ್ನು ಬೈದು ಏನು ಪ್ರಯೋಜನ?

ಟೇಪ್ ಕತ್ತರಿಸಿದೆ. ತಲೆ ನೇರ ಮಾಡಿದೆ. ನಿಂತು ನೋಡಿದೆ. ಬಣ್ಣ ಬದಲಾಗಲಿಲ್ಲ.

ಡ್ಯೂಟಿ ಡಾಕ್ಟರು "ಟೇಪ್ ತೆಗೆದಾಯ್ತಲ್ಲ, ಒಂದು ಗಂಟೆ ನೋಡೋಣ, ಬೆಳಗ್ಗೆ ಲಿಸ್ಟಿಗೆ ಮೊದಲು ತಗೊಂಡ್ರಾಯ್ತು" ಅಂದರು. ಮೇಲ್ನೋಟಕ್ಕೆ ನ್ಯಾಯವಾದ ಮಾತು. ಇಡೀ ದಿನ ಅರಿವಳಿಕೆಯಲ್ಲಿದ್ದ ರೋಗಿಯನ್ನು ಮತ್ತೆ ಟೇಬಲ್ ಮೇಲೆ ಹಾಕುವುದು ಸಣ್ಣ ವಿಷಯ ಅಲ್ಲ. ಆದರೆ ಟೇಪ್ ಒತ್ತಿದ್ದಷ್ಟೇ ತೊಂದರೆಯಾಗಿದ್ದರೆ ಬಿಚ್ಚಿದ ಕೂಡಲೇ ಚರ್ಮದ ಬಣ್ಣ, ಬಿಗಿ ಇಳಿಯಬೇಕಿತ್ತು. ಇಳಿದಿಲ್ಲ ಅಂದರೆ ಒಳಗೆ ಆಗಲೇ ಹೆಪ್ಪುಗಟ್ಟಿದೆ. ಹೆಪ್ಪು ಜೋಡಣೆಯ ಹತ್ತಿರ ಇರುವ ತನಕ ತೆಗೆಯಬಹುದು. ಫ್ಲಾಪಿನ ಒಳಗಿನ ಸಣ್ಣ ಸಣ್ಣ ನಾಳಗಳಿಗೆ ಇಳಿದರೆ ಮೇಲೆ ಎಷ್ಟು ಚೆನ್ನಾಗಿ ಹೊಲಿದರೂ ರಕ್ತ ಹರಿಯುವುದಿಲ್ಲ. ಸೀನಿಯರ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪ್ರಿಕ್ ಮಾಡಿದ್ರಾ?" ಸೂಜಿ ಚುಚ್ಚಿದಾಗ ಕಂಡದ್ದನ್ನು ಹೇಳಿದೆ. "ಓಟಿಗೆ ಹೇಳಿ. ಹೊರಟೆ."

ಇನ್ನು ಸಣ್ಣ ನಾಳ ಹೊಲಿಯುವ ಉಪಕರಣಗಳ ಮೈಕ್ರೋ ಸೆಟ್ಟಿನ ಕಥೆ. ಹಗಲು ನಾವು ಬಳಸಿದ ಸೆಟ್ಟು ಇನ್ನೂ ಆವಿಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿತ್ತು. ಎರಡನೆಯದನ್ನು ಸಂಜೆ ಯೂರಾಲಜಿಯವರು ವ್ಯಾಸೆಕ್ಟಮಿ ರಿವರ್ಸಲ್‌ಗೆ ಒಯ್ದಿದ್ದರು. ಅದು ತೊಳೆಯದೆ ಉಪಕರಣ ಶುದ್ಧ ಮಾಡುವ ವಿಭಾಗದಲ್ಲಿ (ಸಿಎಸ್‌ಎಸ್‌ಡಿ) ಬಿದ್ದಿತ್ತು. ಅವರದ್ದೂ ತಪ್ಪಲ್ಲ. ಕತ್ತರಿಸಿದ ವೀರ್ಯನಾಳವನ್ನು ಮತ್ತೆ ಕೂಡಿಸಲು ಅವರಿಗೂ ಇದೇ ಜ್ಯುವೆಲರ್ಸ್ ಫೋರ್ಸೆಪ್ಸು (ಚೂಪು ತುದಿಯ ಚಿಮಟ), ಇದೇ ತೆಳು ದಾರ ಬೇಕು. ಮೈಕ್ರೋಸರ್ಜರಿ ಅಂದರೆ ‘ಪ್ಲಾಸ್ಟಿಕ್‌ನವರ ಕೆಲಸ’ ಅಂತ ಲೆಕ್ಕ ಹಾಕಿ ಸಾಮಾನು ಕೊಡುವ ಆಡಳಿತಕ್ಕೆ ಇದು ಅರ್ಥವೇ ಆಗುವುದಿಲ್ಲ. ಓಟಿಗೆ ಮೈಕ್ರೋಸ್ಕೋಪ್ ತಂದವರು ಪ್ಲಾಸ್ಟಿಕ್‌ನವರೇ ಅಲ್ಲ, ಕಿವಿಯ ಡಾಕ್ಟರು. 1921ರಲ್ಲಿ ಸ್ವೀಡನ್‌ನ ಕಾರ್ಲ್ ನೈಲೆನ್. ರಕ್ತನಾಳಕ್ಕೆ ಅದು ಬಂದದ್ದು 1960ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ ಜೇಕಬ್‌ಸನ್ ಮತ್ತು ಸ್ವಾರೆಜ್ ಒಂದೂವರೆ ಮಿಲಿಮೀಟರಿಗಿಂತ ಸಣ್ಣ ನಾಳವನ್ನೂ ಹೊಲಿದು ತೋರಿಸಿದಾಗ. ಐದೇ ವರ್ಷಕ್ಕೆ, 1965ರಲ್ಲಿ, ಜಪಾನಿನಲ್ಲಿ ಕೊಮಾತ್ಸು ಮತ್ತು ತಮಾಯಿ ಪೂರ್ತಿ ತುಂಡಾದ ಹೆಬ್ಬೆರಳನ್ನು ಮತ್ತೆ ಜೋಡಿಸಿದರು.

ಈಗ ಕಣ್ಣಿನವರು ಕಾರ್ನಿಯಾ ಕೂರಿಸಲು, ನ್ಯೂರೋದವರು ಮೆದುಳಿನಲ್ಲಿ ಉಬ್ಬಿದ ರಕ್ತನಾಳಕ್ಕೆ (ಅನ್ಯೂರಿಸಮ್) ಕ್ಲಿಪ್ ಹಾಕಲು, ಇಎನ್‌ಟಿಯವರು ಕಿವಿಯೊಳಗಿನ ಸ್ಟೇಪಿಸ್ ಮೂಳೆಗೆ, ನಾವು ಕೈಯ ನರಗಳಿಗೆ, ಎಲ್ಲರೂ ಮೈಕ್ರೋಸ್ಕೋಪಿನ ಕೆಳಗೇ ಕೂರುತ್ತೇವೆ. ಕ್ಯಾನ್ಸರ್ ಚಿಕಿತ್ಸೆ ಆದಮೇಲೆ ಕೈ ಊದಿಕೊಂಡವರಿಗೆ ಲಿಂಫ್ ನಾಳವನ್ನು ಪಕ್ಕದ ವೇನ್‌ಗೆ ಸೇರಿಸುತ್ತಾರೆ. ಅಲ್ಲಿ ನಾಳ 0.8 ಮಿಲಿಮೀಟರಿಗಿಂತಲೂ ಸಣ್ಣದು, ದಾರ 11-0, ಇನ್ನೂ ತೆಳು. ಹಾಗಂತ ಒಬ್ಬರ ಸ್ಕೋಪು ಇನ್ನೊಬ್ಬರಿಗೆ ಸುಮ್ನೆ ಆಗುವುದಿಲ್ಲ. ಕಣ್ಣಿನ ಸ್ಕೋಪಿನ ಲೆನ್ಸು ಹತ್ತಿರದಿಂದ ನೋಡುವಂಥದ್ದು. ಮೆದುಳಿನ ಆಳಕ್ಕೆ ಉದ್ದದ ಉಪಕರಣ ಇಳಿಸುವವರಿಗೆ ಲೆನ್ಸಿಗೂ ಗಾಯಕ್ಕೂ ನಡುವೆ ಜಾಸ್ತಿ ಜಾಗ ಬೇಕು.

ಆಟೋಕ್ಲೇವ್ ಮುಗಿಯುವ ತನಕ ಸೀನಿಯರ್ ಕುತ್ತಿಗೆ ತೆರೆದು ಕಾದರು. ಅಷ್ಟು ಉದ್ದದ ಕಾಯುವಿಕೆ ನನಗೆ ಬೇರೆ ನೆನಪಿಲ್ಲ. ವೇನ್ ಕಣ್ಣೆದುರೇ ಇತ್ತು. ಜೋಡಣೆಯ ಫ್ಲಾಪ್ ಕಡೆ ಊದಿ ನೇರಳೆ ಬಣ್ಣ, ಆ ಕಡೆ ಚಪ್ಪಟೆ. ರೋಗ ಏನು ಅಂತ ಗೊತ್ತು, ಔಷಧ ಏನು ಅಂತ ಗೊತ್ತು, ಕೈಯಲ್ಲಿ ಸಾಮಾನಿಲ್ಲ. ಸ್ಕ್ರಬ್ ಸಿಸ್ಟರ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸಲೈನ್ ಸಿರಿಂಜಿಗೆ ತುಂಬಿ, ಸ್ಕೋಪಿಗೆ ಡ್ರೇಪ್ ಹಾಕಿ, ಎಲ್ಲ ಸಿದ್ಧ ಮಾಡಿ ಕೈಕಟ್ಟಿ ನಿಂತಿದ್ದರು. ಯಾರೂ ಮಾತಾಡಲಿಲ್ಲ.

ಸೆಟ್ಟು ಬಂತು. ಅದರ ಫೋರ್ಸೆಪ್ಸುಗಳಲ್ಲಿ ಒಂದರ ತುದಿ ಬಾಗಿತ್ತು. ದೊಡ್ಡ ಉಪಕರಣಗಳ ಜತೆ ಒಂದೇ ಟ್ರೇನಲ್ಲಿ ತೊಳೆದರೆ ಹೀಗೇ ಆಗುವುದು. ಬರಿಗಣ್ಣಿಗೆ ನೇರ ಕಾಣುತ್ತದೆ, ಸ್ಕೋಪಿನ ಕೆಳಗೆ ಕೊಕ್ಕೆ. ಅದನ್ನು ಪಕ್ಕಕ್ಕಿಟ್ಟು ಉಳಿದವುಗಳಲ್ಲೇ ನಡೆಸಿದೆವು.

ಕ್ಲ್ಯಾಂಪ್ ಹಾಕಿ ಹಳೆ ಹೊಲಿಗೆ ಬಿಚ್ಚಿದರು. ಹೆಪ್ಪು ಒಂದೇ ತುಂಡಾಗಿ ಜಾರಿ ಹೊರಗೆ ಬಂತು. ಒಳಗೆ ತೊಳೆದೆವು. ಅಂಚನ್ನು ಒಳಪದರ ನಯವಾಗಿ ಕಾಣುವ ತನಕ ಸ್ವಲ್ಪ ಸ್ವಲ್ಪವೇ ಕತ್ತರಿಸಿದರು. ಮೊದಲು ಎದುರುಬದುರು ಎರಡು ಹೊಲಿಗೆ, ಆಮೇಲೆ ನಡುವೆ ಒಂದೊಂದಾಗಿ. ಪ್ರತಿ ಹೊಲಿಗೆಗೂ ನಾನು ಸಲೈನ್ ಬಿಡುತ್ತಿದ್ದೆ, ನಾಳದ ಬಾಯಿ ತೇಲಿ ತೆರೆದಿರಲಿ ಅಂತ. ಇಲ್ಲದಿದ್ದರೆ ಸೂಜಿ ಹಿಂದಿನ ಗೋಡೆಯನ್ನೂ ಹಿಡಿದುಬಿಡುತ್ತದೆ, ಆಗ ಎಷ್ಟು ಹೊಲಿದರೂ ಬಾಯಿ ಮುಚ್ಚಿದ ನಾಳವೇ. ಕ್ಲ್ಯಾಂಪ್ ಬಿಟ್ಟರು. ಜೋಡಣೆ ದಾಟಿದ ಜಾಗದಲ್ಲಿ ಎರಡು ಫೋರ್ಸೆಪ್ಸಿನಿಂದ ನಾಳ ಹಿಡಿದು, ನಡುವಿನ ರಕ್ತ ಖಾಲಿ ಮಾಡಿ, ಫ್ಲಾಪ್ ಕಡೆಯದನ್ನು ಬಿಟ್ಟರು. ಬಿಟ್ಟ ಕ್ಷಣವೇ ತುಂಬಿತು, ಅಂದರೆ ರಕ್ತ ಜೋಡಣೆ ದಾಟಿ ಹರಿಯುತ್ತಿದೆ. ಬಾಯೊಳಗೆ ಮತ್ತೆ ಚುಚ್ಚಿ ನೋಡಿದೆ. ಕೆಂಪು ರಕ್ತ.

ಆ ಫ್ಲಾಪ್ ಉಳಿಯಿತು. ರೋಗಿ ಆಮೇಲೆ ಬಾಯಲ್ಲೇ ಊಟ ಮಾಡಿ ಮನೆಗೆ ಹೋದರು.

ಮೈಕ್ರೋ ಕಲಿಯಲು ಬರುವ ಪಿಜಿ ವಿದ್ಯಾರ್ಥಿಗಳು ಕೋಳಿ ತೊಡೆಯ ಆರ್ಟರಿ ಮೇಲೆ ಹೊಲಿದು ಹೊಲಿದು ಕೈ ಕೂರಿಸಿಕೊಳ್ಳುತ್ತಾರೆ. ಕೂರಿಸಿಕೊಳ್ಳಲೇಬೇಕು. ಆದರೆ ಫಲಿತಾಂಶ ಕೈಜಾರುವುದು ಹೆಚ್ಚಾಗಿ ಸ್ಕೋಪಿನ ಹೊರಗೆ. ಅದೂ ಒಂದೊಂದು ಕೆಲಸದಲ್ಲಿ ಒಂದೊಂದು ಥರ. ನರ ಜೋಡಿಸಿದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಅಲ್ಲಿ ರಾತ್ರಿ ಫೋನ್ ಬರುವುದಿಲ್ಲ, ತಿಂಗಳುಗಟ್ಟಲೆ ಫಿಸಿಯೋಗೆ ಬರುವಂತೆ ರೋಗಿಯನ್ನು ಹಿಡಿದಿಡುವುದೇ ಕಷ್ಟ. ತುಂಡಾದ ಬೆರಳಾದರೆ ನಮ್ಮ ಹತ್ತಿರ ಬರುವ ಮೊದಲೇ ಅರ್ಧ ತೀರ್ಮಾನ ಆಗಿರುತ್ತದೆ. ಬೆರಳನ್ನು ನೇರವಾಗಿ ಐಸ್ ಮೇಲೆ ಇಟ್ಟು ತಂದರೆ ಜೀವಕೋಶ ಹೆಪ್ಪುಗಟ್ಟಿ ಹಾಳಾಗಿರುತ್ತವೆ. ಸಲೈನ್‌ನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿದು, ಆ ಕವರನ್ನು ಐಸ್ ನೀರಿನಲ್ಲಿಟ್ಟು ತರಬೇಕು. ಅದನ್ನು ಹೇಳುವುದು ಮೊದಲು ಗಾಯ ನೋಡಿದವರ ಕೈಯಲ್ಲಿದೆ. ಫ್ರೀ ಫ್ಲಾಪಿನಲ್ಲಿ ಮೊದಲ ಎರಡು ಮೂರು ದಿನ ಗಂಟೆ ಗಂಟೆಗೆ ಹತ್ತಿರ ನಿಂತು ನೋಡುವ ಮನುಷ್ಯ ಬೇಕು.

ಚಾರ್ಟನ್ನು ನಾವೇ ಪೆನ್ನಿನಲ್ಲಿ ತಿದ್ದಿಕೊಂಡಿದ್ದೇವೆ. ರೀಫಿಲ್ ಎಷ್ಟು ಸೆಕೆಂಡ್, ಬಣ್ಣ ಹಿಂದಿನ ಗಂಟೆಗಿಂತ ಜಾಸ್ತಿಯೋ ಕಮ್ಮಿಯೋ, ಮುಟ್ಟಿದರೆ ಮೆತ್ತಗೋ ಬಿಗಿಯೋ. ಅದೇ ಟಾರ್ಚಿನ ಬೆಳಕಿನಲ್ಲಿ ವಾರ್ಡಿನ ಕ್ಯಾಮೆರಾದಿಂದ ಒಂದು ಫೋಟೋ. ಮಂಚದ ತಲೆಯ ಹತ್ತಿರ ದೊಡ್ಡ ಅಕ್ಷರದಲ್ಲಿ ‘ಕುತ್ತಿಗೆಗೆ ಏನೂ ಕಟ್ಟಬೇಡಿ’ ಅಂತ ಬೋರ್ಡು. ಅಚ್ಚಾದ ಹೊಸ ಚಾರ್ಟು ಸಮಿತಿಯ ಮುಂದಿದೆ. ಮೂರನೇ ಸೆಟ್ಟಿನ ಅರ್ಜಿಯೂ ಅಲ್ಲೇ.

ನನಗೆ ಇವೆರಡಕ್ಕಿಂತ ಬೇಜಾರು ಬೇರೆಯದು. ಫೋನ್ ಮಾಡಿದ ಆ ಸಿಸ್ಟರ್ ಅವತ್ತು ಐಸಿಯುನಲ್ಲಿದ್ದದ್ದು ಅದೃಷ್ಟದಿಂದ. ಮುಂದಿನ ರೊಟೇಶನ್ನಿನಲ್ಲಿ ಅವರನ್ನು ಹೊರರೋಗಿ ವಿಭಾಗಕ್ಕೆ ಹಾಕಿದರು. ಎಲ್ಲರೂ ಎಲ್ಲ ಕಡೆ ಕೆಲಸ ಮಾಡಬೇಕು ಅನ್ನುವುದು ನಿಯಮವಂತೆ. ಫ್ಲಾಪ್ ನೋಡುವ ಕಣ್ಣು ಸುತ್ತೋಲೆ ಓದಿದರೆ ಬರುವುದಿಲ್ಲ, ಒಳ್ಳೆಯದು ಕೆಟ್ಟದ್ದು ಎರಡನ್ನೂ ಮುಟ್ಟಿ ನೋಡಿ ನೋಡಿ ಬರಬೇಕು. ಅವರನ್ನು ವಾಪಸ್ ಕೊಡಿ ಅಂತ ತಂಡದವರೆಲ್ಲ ಸಹಿ ಹಾಕಿ ಬರೆದುಕೊಟ್ಟಿದ್ದೇವೆ. ಉತ್ತರ ಬರುವ ತನಕ ರಾತ್ರಿ ಪಾಳಿಗೆ ಹೊಸಬರು ಬಂದಾಗಲೆಲ್ಲ ನಾನೇ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಅವರ ಬೆರಳು ಫ್ಲಾಪ್ ಮೇಲಿಟ್ಟು ಒತ್ತಿಸಿ, ಬಣ್ಣ ವಾಪಸ್ ಬರುವುದನ್ನು ಬಾಯಿಬಿಟ್ಟು ಎಣಿಸಿಸುತ್ತೇನೆ. ಅನುಮಾನ ಬಂದರೆ ಚಾರ್ಟು ಏನೇ ಹೇಳಲಿ, ಯಾವ ಹೊತ್ತಿಗಾದರೂ ಫೋನ್ ಮಾಡಿ ಅಂತ ಹೇಳಿ ಬರುತ್ತೇನೆ.