ಹತ್ತು ಪೌಂಡಿನ ಮನೆ

18 ಜೂನ್ 2023, ಭಾನುವಾರ

ಇವತ್ತು ಇಬ್ಬರೂ ಇಂಗ್ಲೆಂಡಿನ ಸಸೆಕ್ಸ್‌ನ ಆಲ್ಫ್ರಿಸ್ಟನ್‌ಗೆ ಹೋಗಿ ಬಂದೆವು, ಕ್ಲರ್ಜಿ ಹೌಸ್, ಅಂದರೆ ಪಾದ್ರಿಗಳ ಮನೆ, ನೋಡಲಿಕ್ಕೆ. ಚರ್ಚಿನ ಮಗ್ಗುಲಲ್ಲೇ ಇದೆ. ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ಕೊಂಡ ಮೊಟ್ಟಮೊದಲ ಕಟ್ಟಡ ಇದು. 1896ರಲ್ಲಿ, ಬರೀ 10 ಪೌಂಡಿಗೆ. ಆಗ ಮನೆ ಇವತ್ತೋ ನಾಳೆಯೋ ಅನ್ನುವಂತಿತ್ತು. ರಿಪೇರಿಗೆ ಅದರ ಎಷ್ಟೋ ಪಟ್ಟು ಸುರಿದಿದ್ದಾರೆ.

ಹುಲ್ಲಿನ ಮಾಡು, ಮುಂದೊಂದು ಹೂದೋಟ. ಎಲ್ಲರೂ ಅದರದ್ದೇ ಫೋಟೊ ತೆಗೆಯುತ್ತಿದ್ದರು. ನನಗೆ ಕಣ್ಣಿಗೆ ಬಿದ್ದದ್ದು ಸೂರಿನ ಅಂಚು. ಈ ಬಗೆಯ ಮನೆಗಳಿಗೆ ವೀಲ್ಡನ್ ಹಾಲ್ ಹೌಸ್ ಅನ್ನುತ್ತಾರೆ. ನಡುವೆ ಅಟ್ಟವಿಲ್ಲದ ಎತ್ತರದ ಹಜಾರ, ಎರಡೂ ತುದಿಗೆ ಅಟ್ಟವಿರುವ ಕೋಣೆಗಳು. ತುದಿಗಳ ಮೇಲಂತಸ್ತು ಗೋಡೆ ದಾಟಿ ಮುಂದಕ್ಕೆ ಚಾಚಿರುತ್ತದೆ, ಹಜಾರ ಮಾತ್ರ ಹಿಂದೆ ಉಳಿಯುತ್ತದೆ. ಆದರೆ ಮೂರಕ್ಕೂ ಸೇರಿ ಮಾಡು ಒಂದೇ! ನಡುವೆ ಗೋಡೆಗೆ ಎಟುಕದೆ ನಿಂತ ಸೂರಿಗೆ ಬಾಗಿದ ಮರಗಳ ಆಸರೆ. ಸುಮಾರು ಆರು ನೂರು ವರ್ಷದ ಹಿಂದಿನ ಬಡಗಿಯ ಲೆಕ್ಕಾಚಾರ, ಒಂದು ಗೆರೆಯೂ ಹೆಚ್ಚಿಲ್ಲ.

ಒಳಗೆ ಹೋಗಿ ತಲೆ ಎತ್ತಿದರೆ ಪಕಾಸಿಗಳವರೆಗೂ ಖಾಲಿ. ಇಂಥ ಹಜಾರಗಳಲ್ಲಿ ಮೊದಲು ಚಿಮಣಿಯೇ ಇರುತ್ತಿರಲಿಲ್ಲ. ನೆಲದ ನಡುವೆಯೇ ಬೆಂಕಿ; ಹೊಗೆ ಮೇಲೇರಿ ಮಾಡಿನ ಸಂದಿಯಲ್ಲಿ ಹೊರಗೆ ಹೋಗಬೇಕು. ಹಜಾರಕ್ಕೆ ಅಟ್ಟ ಹಾಕದೆ ಬಿಟ್ಟದ್ದು ಅದಕ್ಕೇ. ಅಂದದ ಮಾತು ಆಮೇಲಿನದು.

ನೆಲ ಇನ್ನೂ ಸ್ವಾರಸ್ಯ. ಸುತ್ತಲಿನ ಗುಡ್ಡಗಳ ಸುಣ್ಣದ ಕಲ್ಲನ್ನೇ ಪುಡಿಮಾಡಿ, ಬಡಿದು ಗಟ್ಟಿಮಾಡಿ, ಮೇಲೆ ಹುಳಿ ಹಾಲು ಹೊಯ್ದು ಕೂರಿಸಿದ್ದಾರೆ. ಹಾಲಿನ ಅಂಟಿಗೆ ಪುಡಿ ಏಳುವುದಿಲ್ಲ. ನಮ್ಮ ಕಡೆ ಸಗಣಿ ಸಾರಿಸಿದ ಹಾಗೇ ಅಂದೆ.

"ಇರುವೆ ಬರಲ್ವೇನ್ರೀ?" ಅಂದಳು ಇವಳು. ಅಲ್ಲಿದ್ದ ಸ್ವಯಂಸೇವಕಿ ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಬಾಯ್ತುಂಬ ನಕ್ಕರು, ಉತ್ತರ ಮಾತ್ರ ಕೊಡಲಿಲ್ಲ.

ಹಜಾರದ ಮೂಲೆಯ ತೊಲೆಯಲ್ಲಿ ಕೆತ್ತಿದ ಓಕ್ ಎಲೆಯನ್ನೂ ತೋರಿಸಿದರು. ಟ್ರಸ್ಟಿನ ಲಾಂಛನ ಅದರಿಂದಲೇ ಬಂದಿರಬಹುದಂತೆ. ಇರಬಹುದು. ಓಕ್ ಎಲೆ ಈ ದೇಶದಲ್ಲಿ ಎಲ್ಲಿ ತಾನೇ ಇಲ್ಲ! ನನ್ನನ್ನು ಕೇಳಿದ್ದರೆ ಆ ಬಾಗಿದ ಮರವನ್ನೇ ಲಾಂಛನ ಮಾಡಿ ಅನ್ನುತ್ತಿದ್ದೆ.