ತಡವಾಗಿ ಬಂದ ಮಗು ಮೊದಲು ಒಳಗೆ ಬರಲಿ

ಶಾಲೆ ಶುರುವಾದ ಮೊದಲ ವಾರ ಪೋಷಕರಿಗೆಲ್ಲ ಒಂದು ಹಾಳೆ ಹೋಗುತ್ತದೆ. ಎಷ್ಟು ಗಂಟೆಗೆ ಬರಬೇಕು, ಹೋಂವರ್ಕ್ ಹೇಗೆ, ಜ್ವರ ಬಂದರೆ ಏನು ಮಾಡಬೇಕು, ಡೈರಿಗೆ ಯಾರು ಸಹಿ ಹಾಕಬೇಕು, ಮನೆಯಿಂದ ಏನೇನು ತರಬಾರದು ಎಲ್ಲ ಅದರಲ್ಲಿರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಸಹಿಯಾಗಿ ವಾಪಸ್ ಬರುತ್ತದೆ, ಓದಿದವರು ಕಡಿಮೆ. ನಾನು ಎರಡನೇ ತರಗತಿಯ ಟೀಚರ್. ಈ ವರ್ಷ ಹಾಳೆ ಕಳಿಸಿ ಸುಮ್ಮನಾಗಬಾರದು ಅನ್ನಿಸಿತು. ಪೋಷಕರ ಸಭೆಯಲ್ಲಿ ಒಂದೊಂದೇ ಸಾಲು ಓದಬೇಕು, ಅದು ಯಾಕೆ ಇದೆ ಅಂತ ಹೇಳಬೇಕು, ಕಾರಣ ಹೇಳಲಾಗದ ಸಾಲನ್ನು ಅಲ್ಲೇ ಹೊಡೆದು ಹಾಕಬೇಕು ಎಂದು ತೀರ್ಮಾನಿಸಿದೆ.

ಸಭೆಗೆ ಅಪ್ಪ ಅಮ್ಮಂದಿರಷ್ಟೇ ಬರಲಿಲ್ಲ. ಒಬ್ಬ ಹುಡುಗನ ತಾತ ಬಂದಿದ್ದರು. ಒಬ್ಬಳ ಅಕ್ಕ ಬಂದಿದ್ದಳು, ಅವಳೇ ಇನ್ನೂ ಕಾಲೇಜು ಓದುತ್ತಿರುವವಳು. ಎಲ್ಲರೂ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಹೇಗೋ ಕೂತರು. ಮನೆಯಲ್ಲಿ ಮಗುವನ್ನು ನಿಜವಾಗಿ ನೋಡಿಕೊಳ್ಳುವವರು ಯಾರೋ ಅವರೇ ಬರಲಿ ಅಂತ ನಾನು ಮೊದಲೇ ಬರೆದಿದ್ದೆ. ಅದು ಒಳ್ಳೆಯದಾಯಿತು.

ಪ್ರಶ್ನೆ ಎದ್ದಿದ್ದು ಮೊದಲ ಸಾಲಿಗೇ. "ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲು ಮಗು ತರಗತಿಯಲ್ಲಿರಬೇಕು" ಅಂತ ಓದಿದೆ. ಹಿಂದೆ ಕೂತಿದ್ದ ತಾಯಿಯೊಬ್ಬರು ಕೈ ಎತ್ತಿದರು.

"ಮೇಡಂ, ಲೇಟ್ ಆದ್ರೆ ಹೊರಗೆ ನಿಲ್ಲಿಸ್ತೀರಾ?"

ಅವರ ದೊಡ್ಡ ಮಗಳು ಬೇರೆ ಶಾಲೆಯಲ್ಲಿ ಓದಿದವಳು. ಅಲ್ಲಿ ತಡವಾಗಿ ಬಂದವರನ್ನು ಮೊದಲ ಪೀರಿಯಡ್ ಮುಗಿಯುವವರೆಗೂ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರಂತೆ. "ಅವಳಿಗೆ ಆಗ ಆರು ವರ್ಷ. ತಡ ಆಗಿದ್ದು ನನ್ನ ನೈಟ್ ಡ್ಯೂಟಿಯಿಂದ. ನಿಂತಿದ್ದು ಅವಳು" ಎಂದರು. ಹೇಳುವಾಗ ಅವರ ದನಿ ಗಟ್ಟಿಯಾಗಿಯೇ ಇತ್ತು. ಎಷ್ಟೋ ವರ್ಷದ ಹಿಂದಿನ ಮಾತು, ಆದರೂ ಮರೆತಿರಲಿಲ್ಲ.

ನಾನು ಆ ದಿನ ಹೇಳಬೇಕು ಅಂದುಕೊಂಡಿದ್ದೂ ಇದನ್ನೇ. ಏಳು ವರ್ಷದ ಮಗು ಅಲಾರಾಂ ಇಟ್ಟುಕೊಳ್ಳುವುದಿಲ್ಲ, ಗಾಡಿ ಓಡಿಸುವುದಿಲ್ಲ, ಫೀಸ್ ಕಟ್ಟುವುದಿಲ್ಲ, ಫಾರಂ ತುಂಬುವುದಿಲ್ಲ. ನಮ್ಮ ಹಾಳೆಯ ಮುಕ್ಕಾಲು ಪಾಲು ನಿಯಮಗಳು ದೊಡ್ಡವರು ಮಾಡಬೇಕಾದ ಕೆಲಸಗಳೇ. ಹಾಗಿರುವಾಗ ಅವು ತಪ್ಪಿದರೆ ನಾವು ಮಗುವನ್ನು ಯಾಕೆ ನಿಲ್ಲಿಸಬೇಕು? ಚೀಟಿ ತರದ ಮಗುವನ್ನು ಎಲ್ಲರ ಮುಂದೆ ಎಬ್ಬಿಸಿ ಕೇಳುವುದೂ ಅಷ್ಟೇ ಅನ್ಯಾಯ. ನನ್ನ ತರಗತಿಯಲ್ಲಿ ಇದು ಇರುವುದಿಲ್ಲ ಎಂದು ಹೇಳಿದೆ.

ಹಾಗಂತ ಸಮಯ ಮುಖ್ಯವಲ್ಲ ಎಂದಲ್ಲ. ಮೊದಲ ಹತ್ತು ನಿಮಿಷದಲ್ಲಿ ಆ ದಿನ ಏನೇನು ಮಾಡುತ್ತೇವೆ ಅಂತ ಬೋರ್ಡ್ ಮೇಲೆ ಬರೆಯುತ್ತೇವೆ. ಮಕ್ಕಳು ಪಕ್ಕದವರ ಹತ್ತಿರ ಮಾತಾಡಿ ಹಗುರಾಗುತ್ತಾರೆ. ಅದು ತಪ್ಪಿದ ಮಗು ನಡುವೆ ಬಂದು ಕೂರುತ್ತದೆ, ಎಲ್ಲರ ತಲೆ ಅದರ ಕಡೆ ತಿರುಗುತ್ತದೆ, ಏನು ನಡೆಯುತ್ತಿದೆ ಅಂತ ತಿಳಿಯಲು ಇನ್ನಷ್ಟು ಹೊತ್ತು ಬೇಕು. ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. ವರ್ಷಕ್ಕೆ 200 ದಿನ ಶಾಲೆ ಅಂದುಕೊಂಡರೆ ದಿನಕ್ಕೆ 10 ನಿಮಿಷ ಅಂದರೆ 2,000 ನಿಮಿಷ. 33 ಗಂಟೆಗೂ ಜಾಸ್ತಿ. ಸುಮಾರು ಒಂದು ವಾರದ ಶಾಲೆ ಹೋಯಿತು. ಇದನ್ನು ನೋಡಿ ಕೆಲವರು ಪಕ್ಕದವರ ಮುಖ ನೋಡಿದರು.

ಇನ್ನೊಂದು ಮಾತೂ ಹೇಳಿದೆ. ಬೆಳಗಿನ ತಡ ಹಿಂದಿನ ರಾತ್ರಿಯೇ ಶುರುವಾಗಿರುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ತಜ್ಞರು. ಬೆಳಿಗ್ಗೆ ಆರಕ್ಕೆ ಏಳಬೇಕಾದ ಮಗು ರಾತ್ರಿ ಒಂಬತ್ತಕ್ಕೆ ಮಲಗಿದರೆ ಕನಿಷ್ಠದ ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಗುತ್ತದೆ, ಅಷ್ಟೇ. ಹತ್ತೂವರೆಗೆ ಮಲಗಿದ ಮಗು ಬೆಳಿಗ್ಗೆ ಎದ್ದು ಬಂದರೂ ಮೂರನೇ ಪೀರಿಯಡ್‌ನಲ್ಲಿ ಡೆಸ್ಕ್ ಮೇಲೆ ತಲೆ ಇಡುತ್ತದೆ.

ಕೊನೆಗೆ ಎಲ್ಲರೂ ಒಪ್ಪಿದ್ದು ಹೀಗೆ. ತಡವಾದರೂ ಮಗು ನೇರ ಒಳಗೆ ಬಂದು ಬ್ಯಾಗ್ ಇಟ್ಟು ಕೂರುತ್ತದೆ. ಪಕ್ಕದ ಮಗು ಪುಟ ತೋರಿಸುತ್ತದೆ. ಯಾಕೆ ತಡ ಅಂತ ನಾನು ಮಗುವನ್ನು ಕೇಳುವುದಿಲ್ಲ. ಮತ್ತೆ ಮತ್ತೆ ಆದರೆ ಮನೆಗೆ ಫೋನ್ ಮಾಡುತ್ತೇನೆ, ಏನು ತೊಂದರೆ, ಏನು ಮಾಡಬಹುದು ಅಂತ ಮಾತಾಡುತ್ತೇವೆ. ಆ ತಾಯಿಯ ಮನೆ ದಾರಿಯಲ್ಲೇ ಇರುವ ಇನ್ನೊಬ್ಬರು, "ನಿಮಗೆ ನೈಟ್ ಡ್ಯೂಟಿ ಇದ್ದ ದಿನ ನಾವೇ ಕರ್ಕೊಂಡು ಬರ್ತೀವಿ ಬಿಡಿ" ಎಂದರು. ನಿಯಮದ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದಕ್ಕೆ ಸಿಕ್ಕ ಪರಿಹಾರ ಅದು. ಹಾಳೆ ಕಳಿಸಿ ಸುಮ್ಮನಿದ್ದರೆ ಸಿಗುತ್ತಿರಲಿಲ್ಲ.

ಹೋಂವರ್ಕ್ ಸಾಲಿಗೆ ಬಂದಾಗ ಕೋಣೆ ಎರಡು ಪಕ್ಷವಾಯಿತು. ಒಬ್ಬರು, "ಮಿಸ್, ನನ್ನ ಮಗ ಒಂದೂವರೆ ಗಂಟೆ ಕೂರ್ತಾನೆ. ಅಳ್ತಾನೆ. ನಾನೂ ಕೂಗಾಡ್ತೀನಿ. ದಿನಾ ರಾತ್ರಿ ಇದೇ" ಎಂದರು. ಇನ್ನೊಬ್ಬರು, "ಇನ್ನೂ ಸ್ವಲ್ಪ ಜಾಸ್ತಿ ಕೊಡಿ ಮೇಡಂ, ಮನೇಲಿ ಬರೀ ಆಟ" ಎಂದರು. ಇಬ್ಬರೂ ಮಗುವಿನ ಒಳ್ಳೆಯದಕ್ಕೇ ಹೇಳುತ್ತಿದ್ದರು.

ತರಗತಿಗೆ ಹತ್ತು ನಿಮಿಷ ಅನ್ನುವ ಹಳೆಯ ಲೆಕ್ಕವೊಂದಿದೆ. ಒಂದನೇ ತರಗತಿಗೆ 10 ನಿಮಿಷ, ಎರಡನೆಯದಕ್ಕೆ 20, ಐದನೆಯದಕ್ಕೆ 50. ಹೋಂವರ್ಕ್ ಕುರಿತ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು 2006ರಲ್ಲಿ ವಿಮರ್ಶೆ ಪ್ರಕಟಿಸಿದ ಹ್ಯಾರಿಸ್ ಕೂಪರ್ ಕೂಡ ಈ ಲೆಕ್ಕದ ಪರವಾಗಿಯೇ ಹೇಳಿದ್ದಾರೆ. ಹೋಂವರ್ಕ್‌ಗೂ ಕಲಿಕೆಗೂ ಇರುವ ನಂಟು ದೊಡ್ಡ ಮಕ್ಕಳಲ್ಲಿ ಚೆನ್ನಾಗಿ ಕಾಣುತ್ತದೆ, ಚಿಕ್ಕ ಮಕ್ಕಳಲ್ಲಿ ಬಹಳ ದುರ್ಬಲ ಅನ್ನುವುದು ಅವರಿಗೆ ಕಂಡದ್ದು. ಹಾಗಾದರೆ ಎರಡನೇ ತರಗತಿಗೆ ಹೋಂವರ್ಕ್ ಯಾಕೆ? ಮಗು ಪುಸ್ತಕ ತೆಗೆದು ಕೂರುವುದನ್ನು ರೂಢಿ ಮಾಡಿಕೊಳ್ಳಲಿ, ಶಾಲೆಯಲ್ಲಿ ಏನು ನಡೆಯಿತು ಅಂತ ಮನೆಯವರಿಗೆ ಗೊತ್ತಾಗಲಿ ಅಂತ. ಅಷ್ಟಕ್ಕೆ 20 ನಿಮಿಷ ಸಾಕು.

"20 ನಿಮಿಷ ಆದ ಮೇಲೆ ಪುಸ್ತಕ ಮುಚ್ಚಿ. ಅರ್ಧ ಉಳಿದರೂ ಪರವಾಗಿಲ್ಲ. ಎಲ್ಲಿ ನಿಂತಿತು ಅಂತ ಒಂದು ಗೆರೆ ಎಳೆದು ಸಹಿ ಹಾಕಿ. ಅದು ನನಗೆ ಬೇಕು" ಎಂದೆ. ಇದು ನಿಜ. ಅಮ್ಮ ಪಕ್ಕದಲ್ಲಿ ಕೂತು ಹೇಳಿಕೊಟ್ಟು ಮುಗಿಸಿದ ಹತ್ತು ಲೆಕ್ಕಗಳಿಂದ ನನಗೆ ಏನೂ ತಿಳಿಯುವುದಿಲ್ಲ. ನಾಲ್ಕನೇ ಲೆಕ್ಕದಲ್ಲಿ ನಿಂತ ಮಗು, ಹತ್ತರ ಸ್ಥಾನದಿಂದ ಸಾಲ ತೆಗೆದು ಕಳೆಯುವುದು ಇನ್ನೂ ಬಂದಿಲ್ಲ ಅಂತ ನನಗೆ ನೇರ ಹೇಳುತ್ತದೆ. ಕಲಿಸುವುದು ನನ್ನ ಕೆಲಸ. ರಾತ್ರಿ ಹೊತ್ತು ಮನೆಯಲ್ಲಿ ಇನ್ನೊಬ್ಬ ಟೀಚರ್ ಬೇಡ, ಅಮ್ಮ ಇದ್ದರೆ ಸಾಕು. ಜಾಸ್ತಿ ಕೇಳಿದ ತಂದೆಗೆ, ಉಳಿದ ಹೊತ್ತಿನಲ್ಲಿ ಮಗುವಿನ ಜೊತೆ ಕೂತು ಅದಕ್ಕೆ ಇಷ್ಟವಾದ ಪುಸ್ತಕ ಓದಿ, ಒಂದು ಪುಟ ನೀವು, ಒಂದು ಪುಟ ಅವನು ಎಂದೆ. ಅವರಿಗೆ ಪೂರ್ತಿ ಸಮಾಧಾನವಾದ ಹಾಗೆ ಕಾಣಲಿಲ್ಲ. ಆದರೆ ಪುಸ್ತಕ ಯಾವುದು ಅಂತ ಸಭೆ ಮುಗಿದ ಮೇಲೆ ಬಂದು ಕೇಳಿದರು.

ಆಗಲೇ ತಾತ ಮಾತಾಡಿದರು. "ಸಹಿ ಹಾಕಿ ಅಂತೀಯಲ್ಲಮ್ಮ, ಡೈರೀಲಿ ಏನು ಬರೆದಿದೆ ಅಂತ ನಂಗೆ ಓದೋಕೆ ಬರಲ್ಲ. ಅವನ ಅಪ್ಪ ಅಮ್ಮ ಬರೋ ಹೊತ್ತಿಗೆ ಹುಡುಗ ಮಲಗಿರ್ತಾನೆ." ನಮ್ಮ ಹಾಳೆ ಇವರನ್ನು ನೆನೆದು ಬರೆದದ್ದೇ ಅಲ್ಲ. ಓದು ಬಲ್ಲ, ಸಂಜೆ ಮನೆಯಲ್ಲಿರುವ, ಪುರುಸೊತ್ತು ಇರುವ ಪೋಷಕರು ಎಲ್ಲ ಮನೆಯಲ್ಲೂ ಇರುತ್ತಾರೆ ಅನ್ನುವ ಹಾಗೆ ಇತ್ತು. ಅಲ್ಲೇ ಕೂತು ಒಂದು ದಾರಿ ಮಾಡಿಕೊಂಡೆವು. ಹೋಂವರ್ಕ್ ಇದ್ದ ದಿನ ಡೈರಿಯಲ್ಲಿ ಪೆನ್ಸಿಲ್ ಚಿತ್ರ, ಓದುವುದಿದ್ದರೆ ಪುಸ್ತಕದ ಚಿತ್ರ, ಏನಾದರೂ ತರಬೇಕಿದ್ದರೆ ಚೀಲದ ಚಿತ್ರ. ಮುಖ್ಯ ವಿಷಯವಿದ್ದರೆ ನಾನೇ ಧ್ವನಿ ಸಂದೇಶ ಕಳಿಸುವುದು. ಮೊಮ್ಮಗ ಗಟ್ಟಿಯಾಗಿ ಓದಿದ್ದನ್ನು ಕೇಳಿದರೆ ಅದೇ ಸಹಿ, ಒಂದು ಗೆರೆ ಎಳೆದರೆ ಸಾಕು. ಈಗ ಈ ಚಿತ್ರಗಳನ್ನು ಎಲ್ಲರ ಡೈರಿಗೂ ಬಳಸುತ್ತಿದ್ದೇನೆ, ಮಕ್ಕಳಿಗೂ ಇದು ಸಲೀಸು.

ಜ್ವರದ ನಿಯಮ ಎಲ್ಲಕ್ಕಿಂತ ಕಷ್ಟದ್ದು. ಔಷಧಿ ಕೊಡದೆ 24 ಗಂಟೆ ಜ್ವರ ಇಲ್ಲದಿದ್ದರೆ ಮಾತ್ರ ಶಾಲೆಗೆ ಕಳಿಸಬೇಕು. "ಔಷಧಿ ಕೊಡದೆ" ಅನ್ನುವುದನ್ನು ಒತ್ತಿ ಹೇಳಿದೆ. ಬೆಳಿಗ್ಗೆ ಪ್ಯಾರಾಸಿಟಮಾಲ್ ಕೊಟ್ಟರೆ ಮೈ ತಣ್ಣಗಾಗುತ್ತದೆ, ನಾಲ್ಕರಿಂದ ಆರು ಗಂಟೆಯಲ್ಲಿ ಅದರ ಪ್ರಭಾವ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಗು ಮತ್ತೆ ಕಾದು ನಡುಗುತ್ತಾ ಕೂತಿರುತ್ತದೆ. ಅಷ್ಟರಲ್ಲಿ ಪಕ್ಕದ ಮಕ್ಕಳಿಗೂ ಹರಡಿರುತ್ತದೆ. ಆ ಮಕ್ಕಳ ಮನೆಯಲ್ಲಿ ಹಸುಗೂಸು ಇರಬಹುದು, ದೊಡ್ಡ ಕಾಯಿಲೆಗೆ ಚಿಕಿತ್ಸೆ ಪಡೆಯುವವರು ಇರಬಹುದು. ನಮಗೆ ಗೊತ್ತಿರುವುದಿಲ್ಲ.

"ಅರ್ಥ ಆಗತ್ತೆ ಮೇಡಂ. ಆದ್ರೆ ರಜೆ ಹಾಕಿದ್ರೆ ನಂಗೆ ಸಂಬಳ ಕಟ್ ಆಗತ್ತೆ" ಎಂದರು ಒಬ್ಬ ತಂದೆ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ಪೋಷಕರ ಅಸಡ್ಡೆಯಲ್ಲ. ಮಗುವಿಗೆ ಹುಷಾರಿಲ್ಲದಾಗ ರಜೆ ಸಿಗದ ಕೆಲಸಗಳು ಎಷ್ಟೋ ಇವೆ, ಅದರ ಭಾರ ಕೊನೆಗೆ ಮಗುವಿನ ಮೈ ಮೇಲೆ ಬೀಳುತ್ತದೆ. ಆದರೆ ಶಾಲೆ ತನ್ನ ಕಡೆಯಿಂದ ಆ ಭಾರವನ್ನು ಹೆಚ್ಚಿಸಬಾರದು ಅಲ್ವಾ? ವರ್ಷಪೂರ್ತಿ ಒಂದು ದಿನವೂ ತಪ್ಪದೆ ಬಂದ ಮಗುವಿಗೆ ಬಹುಮಾನ ಕೊಡುತ್ತೇವೆ. ಒಂದು ಕಡೆ ಜ್ವರ ಬಂದರೆ ಕಳಿಸಬೇಡಿ ಅನ್ನುತ್ತೇವೆ, ಇನ್ನೊಂದು ಕಡೆ ಕಾಯಿಲೆ ಬಿದ್ದ ಮಗುವಿನ ಕೈಯಿಂದ ಕಪ್ ಕಿತ್ತುಕೊಳ್ಳುತ್ತೇವೆ. ಬಹುಮಾನಕ್ಕಾಗಿ ಕೆಮ್ಮುತ್ತಾ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಈ ಬಹುಮಾನ ನನ್ನ ತರಗತಿಯಲ್ಲಿ ಇರುವುದಿಲ್ಲ, ತಪ್ಪಿದ ಪಾಠ ನಾನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ, ಒಂದೆರಡು ದಿನದ ಜ್ವರಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಬೇಡ ಎಂದೆ.

ಆಮೇಲಿನ ಸಾಲುಗಳು ಬೇಗ ಮುಗಿದವು. ನೀರಿನ ಬಾಟಲಿ, ಸ್ವೆಟರ್, ಡಬ್ಬಿ ಎಲ್ಲದರ ಮೇಲೂ ಹೆಸರು ಇರಲಿ. ಅಲರ್ಜಿ ಇದ್ದರೆ ಮೊದಲ ದಿನವೇ ಬರೆದು ಕೊಡಿ, ಮಗು ಹೇಳಿಕೊಳ್ಳಲಿ ಅಂತ ಕಾಯಬೇಡಿ. ಬೇರೆ ಮಕ್ಕಳ ಫೋಟೋವನ್ನಾಗಲೀ ಅಂಕಗಳನ್ನಾಗಲೀ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ರಾತ್ರಿ ಬಂದ ಸಂದೇಶಕ್ಕೆ ಮರುದಿನ ಉತ್ತರ ಕೊಡುತ್ತೇನೆ, ತುರ್ತು ಇದ್ದರೆ ಶಾಲೆಗೆ ಫೋನ್ ಮಾಡಿ. ಇದಕ್ಕೆಲ್ಲ ಯಾರೂ ಏನೂ ಅನ್ನಲಿಲ್ಲ.

ಶಿಸ್ತಿನ ವಿಷಯಕ್ಕೆ ಬಂದಾಗ ಒಬ್ಬರು ಅಭಿಮಾನದಿಂದಲೇ, "ಎರಡು ಏಟು ಹಾಕಿ ಮೇಡಂ, ನಾವೇನೂ ಅನ್ನಲ್ಲ" ಎಂದರು. ನನ್ನ ಮೇಲಿನ ನಂಬಿಕೆಯಿಂದ ಆಡಿದ ಮಾತು ಅದು. ಆದರೂ ಆಗುವುದಿಲ್ಲ ಎಂದೆ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿ, ಶಾಲೆಯ ಶಿಸ್ತು ಮಗುವಿನ ಘನತೆಗೆ ತಕ್ಕಂತೆ ಇರಬೇಕು ಅನ್ನುತ್ತದೆ. ಅದು ಇಲ್ಲದಿದ್ದರೂ ನಾನು ಹೊಡೆಯುವುದಿಲ್ಲ. ಏಟು ತಿಂದ ಮಗು ನನ್ನ ಕೈ ಎಲ್ಲಿದೆ ಅಂತ ನೋಡುತ್ತಿರುತ್ತದೆ, ಪಾಠ ಕೇಳುವುದಿಲ್ಲ. ಒಂದು ಮಗು ಇನ್ನೊಂದಕ್ಕೆ ಹೊಡೆದರೆ ಇಬ್ಬರನ್ನೂ ಬೇರೆ ಕೂರಿಸುತ್ತೇನೆ, ಸಮಾಧಾನವಾದ ಮೇಲೆ ಏನಾಯಿತು ಅಂತ ಇಬ್ಬರ ಬಾಯಲ್ಲೂ ಕೇಳುತ್ತೇನೆ. ಹೊಡೆದವನು ಏನು ಮಾಡಿ ಸರಿಪಡಿಸಬೇಕು ಅನ್ನುವುದನ್ನು ಅಲ್ಲೇ ಮಾತಾಡುತ್ತೇವೆ. ಅದೇ ದಿನ ಎರಡೂ ಮನೆಗೆ ತಿಳಿಸುತ್ತೇನೆ. ಮನೆಯಲ್ಲಿ ಮತ್ತೆ ಶಿಕ್ಷೆ ಕೊಡಬೇಡಿ ಅಂತಲೂ ಕೇಳಿಕೊಂಡೆ, ಇಲ್ಲದಿದ್ದರೆ ನಾನು ತಿಳಿಸುವುದಕ್ಕೇ ಹೆದರಬೇಕಾಗುತ್ತದೆ.

ಕೊನೆಗೆ ಎಲ್ಲರಿಗೂ ಒಂದೊಂದು ಖಾಲಿ ಚೀಟಿ ಕೊಟ್ಟೆ. ನಿಮ್ಮ ಮಗುವಿನ ಬಗ್ಗೆ ನನಗೆ ಗೊತ್ತಿರಲೇಬೇಕಾದದ್ದು ಏನು, ನನ್ನಿಂದ ನಿಮಗೆ ಏನು ಬೇಕು, ಬರೆಯಿರಿ ಎಂದೆ. ತಾತನ ಮಾತನ್ನು ನಾನೇ ಬರೆದುಕೊಂಡೆ. ಉಳಿದವರ ಚೀಟಿಗಳಲ್ಲಿ ಹೀಗೆಲ್ಲ ಇತ್ತು: "ಜೋರು ದನಿಗೆ ಬೆಚ್ಚುತ್ತಾಳೆ." "ಅಣ್ಣನ ಜೊತೆ ಹೋಲಿಸಬೇಡಿ." "ತಪ್ಪು ಮಾಡಿದಾಗ ಮಾತ್ರ ಫೋನ್ ಮಾಡ್ತಾರೆ ಶಾಲೆಯವರು. ಒಳ್ಳೇದು ಮಾಡಿದ ದಿನಾನೂ ಹೇಳಿ." ಒಂದು ಚೀಟಿಯಲ್ಲಿ, ಟಾಯ್ಲೆಟ್‌ಗೆ ಹೋಗಲು ಕೇಳುವುದಕ್ಕೆ ಮಗು ಹೆದರುತ್ತದೆ, ಸಂಜೆವರೆಗೂ ತಡೆದುಕೊಂಡು ಮನೆಗೆ ಓಡಿ ಬರುತ್ತದೆ ಅಂತ ಇತ್ತು. ಹಾಗೆ ತಡೆದುಕೊಂಡರೆ ಮೂತ್ರದ ಸೋಂಕು, ಮಲಬದ್ಧತೆ ಎರಡೂ ಬರಬಹುದು. ಟಾಯ್ಲೆಟ್‌ಗೆ ಹೋಗುವ ಹಾಗೇ ಆಗಬಾರದು ಅಂತ ಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ.

ಮರುವಾರ ಹೊಸ ಹಾಳೆ ಹೋಯಿತು. ಮೊದಲಿನದಕ್ಕಿಂತ ಚಿಕ್ಕದು. ಪ್ರತಿ ಸಾಲಿನ ಪಕ್ಕದಲ್ಲಿ ಅದು ಯಾಕೆ ಅಂತ ಇದೆ, ಯಾರು ಮಾಡಬೇಕು ಅಂತಲೂ ಇದೆ: ಮನೆಯವರೋ, ಮಗುವೋ, ನಾನೋ. ಬಾಗಿಲ ಹತ್ತಿರ ಒಂದು ಹಸಿರು ಕಾರ್ಡ್ ನೇತುಹಾಕಿದ್ದೇನೆ, ಟಾಯ್ಲೆಟ್‌ಗೆ ಹೋಗಬೇಕಾದವರು ಅದನ್ನು ತೆಗೆದುಕೊಂಡು ಹೋಗಬಹುದು, ಕೇಳಬೇಕಿಲ್ಲ. ವಾರಕ್ಕೆ ಕೆಲವು ಮನೆಗಳಿಗೆ ಒಳ್ಳೆಯ ಸುದ್ದಿ ಹೇಳುವುದಕ್ಕೆಂದೇ ಫೋನ್ ಮಾಡುತ್ತೇನೆ. ಮೊದಲ ಸಲ ಮಾಡಿದಾಗ ಒಬ್ಬ ತಾಯಿ, "ಏನಾಯ್ತು ಮಿಸ್?" ಅಂತ ಗಾಬರಿಯಾಗಿ ಕೇಳಿದರು.

ಹಾಜರಿ ಬಹುಮಾನವನ್ನು ಇಡೀ ಶಾಲೆಯಲ್ಲೇ ನಿಲ್ಲಿಸಬೇಕು ಅಂತ ಮುಖ್ಯ ಶಿಕ್ಷಕರಿಗೆ ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂದಿದ್ದಾರೆ. ಆ ಸಭೆಗೆ ಪೋಷಕರನ್ನೂ ಕರೆಯಿರಿ ಎಂದು ಕೇಳಿದ್ದೇನೆ. ಸಂಬಳ ಕಟ್ ಆಗುತ್ತದೆ ಎಂದಿದ್ದ ತಂದೆ ತಾನು ಬರುತ್ತೇನೆ ಎಂದು ಹೇಳಿದ್ದಾರೆ.